ಕಣ್ಣಿಗೆ ಡೀಫಾಲ್ಟ್ ಇಲ್ಲ

"ದಾರ ವಾಲಿದೆ," ಅಂದಳು ಅಮ್ಮ.

ನಾನು ಏಣಿ ಹಿಡಿದುಕೊಂಡು ಕೆಳಗೆ ನಿಂತಿದ್ದೆ. ದಾರವೆಂದರೆ ತುದಿಗೆ ಕಬ್ಬಿಣದ ಗುಂಡು ಕಟ್ಟಿದ ದಾರ. ಗೋಡೆಯ ಮೇಲಂಚಿಗೆ ಮೊಳೆ ಹೊಡೆದು ಅದನ್ನು ಇಳಿಬಿಟ್ಟರೆ ನೇರ ನೆಲದ ಕಡೆಗೆ ಇಳಿಯುತ್ತದೆ. ಅದನ್ನು ನೋಡಿಕೊಂಡು ಅಮ್ಮ ಮೊದಲ ಅಕ್ಷರದ ಗೆರೆ ಎಳೆಯುತ್ತಾಳೆ. ಗೋಡೆ ವಾಲಬಹುದು, ಏಣಿ ವಾಲಬಹುದು, ಮನುಷ್ಯರಂತೂ ವಾಲುತ್ತಲೇ ಇರುತ್ತಾರೆ. ಗುಂಡು ಕಟ್ಟಿದ ದಾರ ವಾಲುವುದಿಲ್ಲ.

"ಗಾಳಿ ಇರಬೇಕಮ್ಮ," ಅಂದೆ.

"ಗಾಳಿ ಇದ್ರೆ ಅಲ್ಲಾಡುತ್ತೆ. ಇದು ಅಲ್ಲಾಡ್ತಿಲ್ಲ, ವಾಲಿದೆ. ವಾಲ್ಕೊಂಡು ಸುಮ್ನೆ ನಿಂತಿದೆ, ನಿನ್ನ ಹಾಗೆ."

ಅಮ್ಮ ಬೋರ್ಡು ಬರೆಯುವವಳು. ಅಂಗಡಿ, ಗ್ಯಾರೇಜು, ಶಾಲೆಯ ಗೇಟು, ಯಾವುದಾದರೂ ಸರಿ, ಏಣಿ ಹೆಗಲ ಮೇಲೆ ಇಟ್ಟುಕೊಂಡು ಹೊರಟುಬಿಡುತ್ತಾಳೆ. ಗೆರೆ ಸರಿಯಿದೆಯೇ ಎಂದು ನೋಡುವಾಗ ಎಡಗಣ್ಣು ಮುಚ್ಚಿ, ನಾಲಿಗೆಯ ತುದಿಯನ್ನು ಸ್ವಲ್ಪವೇ ಹೊರಗೆ ಹಾಕಿ, ಬಲಗಣ್ಣಿನಿಂದ ನೋಡುತ್ತಾಳೆ. ಆಗ ಅವಳನ್ನು ಯಾರೂ ಮಾತನಾಡಿಸುವಂತಿಲ್ಲ. ನಾನು ಹೇಗೂ ಮಾತನಾಡುವುದಿಲ್ಲವಾದ್ದರಿಂದ ಚಿಕ್ಕಂದಿನಿಂದ ಏಣಿ ಹಿಡಿಯುವ ಕೆಲಸ ನನಗೇ ಬಂದಿದೆ. ನನ್ನ ಮಾತೆಲ್ಲ ಸಂಜೆ ಡೈರಿಗೆ ಹೋಗುತ್ತದೆ. ಅಮ್ಮನಿಗೆ ಇದು ಗೊತ್ತು. "ಇವತ್ತು ನನ್ನ ಮೇಲೆ ಎಷ್ಟು ದೂರು ಬರೆದೆ?" ಎಂದು ಕೇಳುತ್ತಾಳೆ, ಆದರೆ ಒಂದು ದಿನವೂ ಅದನ್ನು ತೆರೆದು ನೋಡಿದವಳಲ್ಲ.

ಆ ಭಾನುವಾರ ನಾವು ನಿಂತಿದ್ದದ್ದು ಮಕ್ಕಳ ಆಸ್ಪತ್ರೆಯ ಹೊಸ ಹೊರಗೋಡೆಯ ಮುಂದೆ. ಅಮ್ಮನಿಗೆ ಸಿಕ್ಕಿದ್ದರಲ್ಲೇ ದೊಡ್ಡ ಗೋಡೆ. ಒಂದೊಂದು ಅಕ್ಷರವೂ ಅವಳ ಎತ್ತರಕ್ಕಿಂತ ದೊಡ್ಡದಾಗಿರಬೇಕಿತ್ತು. ಗೋಡೆಗೆ ಬಿಳಿ ಬಳಿದು ಒಣಗಿಸಿ ಆಗಿತ್ತು. ಆದರೆ ಅಮ್ಮನ ಕೈ ಸೀಮೆಸುಣ್ಣ ಹಿಡಿದು ಗೋಡೆಯ ಹತ್ತಿರ ಹೋಗುವುದು, ನಿಲ್ಲುವುದು, ವಾಪಸು ಬರುವುದು.

ಕಾರಣ ನನಗೆ ಗೊತ್ತಿತ್ತು. ಹಿಂದಿನ ಬೋರ್ಡು ಒಂದು ಸೈಕಲ್ ಅಂಗಡಿಯದು. ಎಲ್ಲ ಅಕ್ಷರಗಳೂ ಒಂದೇ ಕಡೆಗೆ ಒರಗಿಬಿಟ್ಟಿದ್ದವು. ಅಂಗಡಿಯವರು ಒಳ್ಳೆಯ ಮನುಷ್ಯರು, ನಕ್ಕರು. "ಪರವಾಗಿಲ್ಲ ಬಿಡಿ ಅಕ್ಕ, ನಿಮ್ಮ ಅಕ್ಷರಗಳು ಸೈಕಲ್ ತುಳೀತಾ ಇರೋ ಹಾಗಿದೆ, ನಮಗೆ ಒಪ್ಪುತ್ತೆ," ಅಂದರು. ಅಮ್ಮ ನಗಲಿಲ್ಲ. ಬೋರ್ಡನ್ನು ಇಳಿಸಿಕೊಂಡು ಮನೆಗೆ ತಂದು, ಉಜ್ಜಿ, ಮತ್ತೆ ಬರೆದಳು. ಮತ್ತೆ ಒರಗಿತು.

"ಕೈ ಹೋಯ್ತು ಕಣೇ," ಅಂದಳು ಈಗ, ಏಣಿಯ ಮೇಲಿನಿಂದಲೇ, ಗೋಡೆಗೆ ಹೇಳುವ ಹಾಗೆ. "ಈ ಕೆಲಸ ಕೊಟ್ಟ ಮೇಸ್ತ್ರಿಗೆ ಹೇಳಿಬಿಡ್ತೀನಿ, ಬೇರೆ ಯಾರಿಗಾದ್ರೂ ಕೊಡಲಿ. ಬ್ರಷ್ಷು ಎತ್ತಿಡೋ ಕಾಲ ಬಂತು. ಆಸ್ಪತ್ರೆ ಗೋಡೆ ಮೇಲೆ ಅಕ್ಷರ ತಲೆ ತಿರುಗಿ ಬೀಳೋ ಹಾಗೆ ನಿಂತಿದ್ರೆ ಒಳಗೆ ಹೋಗೋಕೆ ಯಾರಿಗೆ ಧೈರ್ಯ ಬರುತ್ತೆ?"

ಇದು ಜೋಕು. ಆದರೆ ಅಮ್ಮ ಜೋಕು ಮಾಡಿದ ಮೇಲೆ ತಾನೇ ಮೊದಲು ನಗುವವಳು. ಅವತ್ತು ನಗಲಿಲ್ಲ.

"ಕನ್ನಡಕದ್ದೇ ಏನಾದರೂ..." ಅಂದೆ.

"ಕನ್ನಡಕ ಚೆನ್ನಾಗೇ ಇದೆ. ಔಷಧಿ ಬಾಟಲಿ ಮೇಲಿನ ಇರುವೆಯಂಥ ಅಕ್ಷರಾನೂ ಓದ್ತೀನಿ. ಕೈಯದ್ದೇ ದೋಷ."

ಅವಳ ಹಳೆಯ ಕನ್ನಡಕ ಏಣಿಯಿಂದ ಬಿದ್ದಿತ್ತು, ಅದನ್ನು ಹುಡುಕಲು ಇಳಿದವಳು ಅದರ ಮೇಲೇ ಕಾಲಿಟ್ಟಿದ್ದಳು. ಹೊಸದನ್ನು ತರಿಸಿದ್ದು ನಾನೇ. ನಾನು ಕೆಲಸ ಮಾಡುವ ಕಂಪನಿ ವೆಬ್‌ಸೈಟುಗಳನ್ನು ಮಾಡಿಕೊಡುತ್ತದೆ, ಅದರಲ್ಲಿ ಒಂದು ಕನ್ನಡಕದ ಅಂಗಡಿಯದು. ಡಾಕ್ಟರು ಬರೆದುಕೊಟ್ಟ ಅಂಕಿಗಳನ್ನು ಫೋನಿನಲ್ಲಿ ತುಂಬಿದರೆ ಸಾಕು, ಕನ್ನಡಕ ಮನೆಗೆ ಬರುತ್ತದೆ. ನಮ್ಮ ಕಂಪನಿಯ ಕೆಲಸ ಅಮ್ಮನಿಗೂ ಕಾಣಲಿ ಎಂಬ ಹೆಮ್ಮೆಯಿಂದ ಪಕ್ಕದಲ್ಲಿ ಕೂರಿಸಿಕೊಂಡು ತುಂಬಿದ್ದೆ.

ಅಮ್ಮ ಏಣಿ ಇಳಿದಳು. ಕನ್ನಡಕವನ್ನು ಕಿತ್ತು, ಅದರ ಒಂದು ಕಡ್ಡಿ ಹಿಡಿದು, ಸೀರೆಯ ಸೆರಗಿನಿಂದ ಗಾಜು ಒರೆಸಿದಳು. ಒರೆಸಿದ್ದಾಯಿತೇ ಎಂದು ಬೆಳಕಿಗೆ ಹಿಡಿದು ನೋಡುವಾಗ ಅದು ಅವಳ ಕೈಯಲ್ಲಿ ತಲೆಕೆಳಗಾಗಿತ್ತು. ಹಾಗೆಯೇ ಕಣ್ಣ ಮುಂದೆ ತಂದುಕೊಂಡಳು. ಎಡಗಣ್ಣು ತನ್ನಷ್ಟಕ್ಕೆ ಮುಚ್ಚಿತು. ನಾಲಿಗೆಯ ತುದಿ ಹೊರಗೆ ಬಂತು.

"ಇದೇನೇ ಇದು?"

"ಏನಮ್ಮ?"

"ದಾರ ನೆಟ್ಟಗಾಯ್ತು!"

ತಿರುಗಿಸಿ ಸರಿಯಾಗಿ ಹಾಕಿಕೊಂಡಳು. "ವಾಲಿತು." ಮತ್ತೆ ತಲೆಕೆಳಗೆ ಹಿಡಿದಳು. "ನೆಟ್ಟಗೆ." ಆಸ್ಪತ್ರೆಯ ಗೇಟಿನ ಕಾವಲುಗಾರ ಕುರ್ಚಿಯಿಂದ ಎದ್ದು ಬಂದು ನೋಡತೊಡಗಿದ. ಅಮ್ಮ ಅವನ ಕಡೆ ತಿರುಗಿ, "ಅಣ್ಣ, ನಿಮ್ಮನ್ನೂ ಹೀಗೇ ನೋಡ್ಲಾ, ನೆಟ್ಟಗೆ ಕಾಣ್ತೀರೇನೋ," ಅಂದಳು. ಈ ಸಲ ಅವಳೇ ಮೊದಲು ನಕ್ಕಳು.

ನಾನು ನಗಲಿಲ್ಲ. ನನ್ನ ತಲೆ ಓಡುತ್ತಿತ್ತು. ಕನ್ನಡಕವನ್ನು ತಲೆಕೆಳಗು ಮಾಡಿದರೆ ಎಡಗಡೆಯ ಗಾಜು ಬಲಗಣ್ಣಿನ ಮುಂದೆ ಬರುತ್ತದೆ. ಅಮ್ಮನ ಎರಡು ಕಣ್ಣಿಗೂ ಪವರ್ ಒಂದೇ. ಆದರೆ ಅವಳಿಗೆ ಸಿಲಿಂಡರ್ ಪವರ್ ಕೂಡ ಇದೆ. ಅಂಥ ಗಾಜನ್ನು ಡಾಕ್ಟರು ಹೇಳಿದ ಕೋನಕ್ಕೇ ತಿರುಗಿಸಿ ಕೂರಿಸಬೇಕು, ಇಲ್ಲದಿದ್ದರೆ ನೆಟ್ಟಗಿನ ಗೆರೆ ಓರೆಯಾಗಿ ಕಾಣುತ್ತದೆ. ಕನ್ನಡಕ ತಲೆಕೆಳಗಾದರೂ ಈ ಕೋನ ಬದಲಾಗುವುದಿಲ್ಲ, ಗಾಜು ತಿರುಗುವುದು ಸರಿಯಾಗಿ ಅರ್ಧ ಸುತ್ತು. ಅವಳ ಎರಡು ಕಣ್ಣಿಗೆ ಬೇರೆಯಾಗಿದ್ದದ್ದು ಆ ಕೋನವೊಂದೇ. ಬಲಕ್ಕೆ ಇಪ್ಪತ್ತು, ಎಡಕ್ಕೆ ನೂರ ಅರವತ್ತು. ಸರಿಯಾದ ಚೌಕಗಳಲ್ಲೇ ಒತ್ತಿದ್ದು ನನ್ನ ಹೆಬ್ಬೆರಳಿಗೆ ಇನ್ನೂ ನೆನಪಿತ್ತು.

ಹಾಗಾದರೆ ನನ್ನ ಬೆರಳಿನಿಂದ ಹೊರಟ ಮೇಲೆ, ಗಾಜು ಉಜ್ಜುವವರನ್ನು ತಲುಪುವುದರೊಳಗೆ, ಎಲ್ಲೋ ಅವೆರಡೂ ಜಾಗ ಬದಲಾಯಿಸಿಕೊಂಡಿವೆ. ಆ ದಾರಿಯಲ್ಲಿ ಇರುವುದು ನಮ್ಮ ಕಂಪನಿಯ ಕೋಡು ಮಾತ್ರ.

"ಮೇಸ್ತ್ರಿಗೆ ಏನೂ ಹೇಳಬೇಡ ಅಮ್ಮ," ಅಂದೆ. "ನಿನ್ನ ಕೈಗೆ ಏನೂ ಆಗಿಲ್ಲ."

"ಅಷ್ಟು ಖಾತ್ರಿನಾ?"

"ಖಾತ್ರಿ."

ಅಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನಾನು ಒಂದೇ ಸಲಕ್ಕೆ ಇಷ್ಟು ಗಟ್ಟಿಯಾಗಿ ಮಾತನಾಡಿದ್ದು ಅವಳಿಗೂ ಹೊಸದು. "ಸರಿ. ಒಂದು ವಾರ ನೋಡೋಣ. ಆಮೇಲೆ ಹೇಳಿಬಿಡ್ತೀನಿ," ಅಂದಳು.

*

ಆಫೀಸಿನಲ್ಲಿ ನಮ್ಮ ಹಿರಿಯರನ್ನು ಎಲ್ಲರೂ ಹೆಡ್‌ಮಾಸ್ಟ್ರು ಅಂತಲೇ ಕರೆಯುವುದು, ಅವರ ಬೆನ್ನ ಹಿಂದೆ. ಎದುರಿಗೆ ಸರ್. ಅವರಿಗೆ ಎಲ್ಲವೂ ಸರದಿಯಲ್ಲಿ ಆಗಬೇಕು. ಕಾಫಿ ಯಂತ್ರದ ಮುಂದೆ ಯಾರಾದರೂ ಮಧ್ಯೆ ನುಗ್ಗಿದರೆ ಅವರ ಹುಬ್ಬು ಮೇಲೇರುತ್ತದೆ. ಅವರ ಕೋಡೂ ಹಾಗೆಯೇ.

ಕನ್ನಡಕದ ಸೈಟಿನ ಹೃದಯದಲ್ಲಿ ಅವರು ಬರೆದ ಒಂದು ಫಂಕ್ಷನ್ ಇದೆ. ಫಂಕ್ಷನ್ ಅಂದರೆ ಒಂದು ಕೆಲಸವನ್ನು ಒಪ್ಪಿಸಿಕೊಂಡ ಆಳು ಎಂದುಕೊಳ್ಳಿ. ಬೇಕಾದ್ದನ್ನು ಕೈಗೆ ಕೊಟ್ಟರೆ ಕೆಲಸ ಮುಗಿಸಿ ಕೊಡುತ್ತದೆ. ಇದರ ಕೆಲಸ ಕನ್ನಡಕದ ಆರ್ಡರು ತಯಾರಿಸುವುದು. ಇದಕ್ಕೆ ಬಲಗಣ್ಣಿನ ಪವರ್, ಬಲಗಣ್ಣಿನ ಸಿಲಿಂಡರ್, ಬಲಗಣ್ಣಿನ ಕೋನ, ಆಮೇಲೆ ಎಡಗಣ್ಣಿನ ಮೂರು, ಆಮೇಲೆ ಕಣ್ಣುಗಳ ನಡುವಿನ ಅಂತರ, ಫ್ರೇಮು, ಬಣ್ಣ, ಇನ್ನೂ ಏನೇನೋ, ಎಲ್ಲವನ್ನೂ ಇದೇ ಸರದಿಯಲ್ಲಿ ಕೊಡಬೇಕು. ಮೂರನೆಯ ಜಾಗದಲ್ಲಿ ಬಂದದ್ದು ಏನೇ ಆಗಿರಲಿ, ಅದು ಬಲಗಣ್ಣಿನ ಕೋನ. ಬಂದ ಅಂಕಿಯನ್ನು "ನೀನು ಯಾರಪ್ಪ" ಎಂದು ಅದು ಕೇಳುವುದಿಲ್ಲ.

ಬೆಳಿಗ್ಗೆ ಹೋದವಳೇ ಆ ಫಂಕ್ಷನ್ನನ್ನು ಸೈಟಿನ ಯಾವ ಯಾವ ಪುಟಗಳು ಕೆಲಸಕ್ಕೆ ಕರೆಯುತ್ತವೆ ಎಂದು ಹುಡುಕಿದೆ. ಕಂಪ್ಯೂಟರಿನ ಪುಟ ಸರಿಯಾಗಿ ಕೊಡುತ್ತಿತ್ತು. ಫೋನಿನ ಪುಟದಲ್ಲಿ ಪವರ್ ಸರಿ, ಸಿಲಿಂಡರ್ ಸರಿ, ಕೋನಗಳು ಮಾತ್ರ ಅದಲು ಬದಲು. ಕೋಡಿನ ಹಳೆಯ ಪ್ರತಿಗಳನ್ನು ತೆರೆದು ನೋಡಿದರೆ ಕಥೆ ತಿಳಿಯಿತು. ಮೊದಲು ಫಂಕ್ಷನ್ನಿನಲ್ಲಿ ಎಡಗಣ್ಣು ಮೊದಲಿತ್ತು. ಕಣ್ಣಿನ ಡಾಕ್ಟರುಗಳು ಬಲಗಣ್ಣನ್ನೇ ಮೊದಲು ಬರೆಯುತ್ತಾರೆಂದು ಹೆಡ್‌ಮಾಸ್ಟ್ರು ಒಂದು ದಿನ ಸರದಿಯನ್ನು ತಿರುಗಿಸಿದ್ದರು. ಕರೆಯುವ ಕಡೆಗಳಲ್ಲೂ ತಿರುಗಿಸಿದ್ದರು. ಫೋನಿನ ಪುಟದಲ್ಲಿ ಪವರ್ ತಿರುಗಿಸಿ, ಸಿಲಿಂಡರ್ ತಿರುಗಿಸಿ, ಅಷ್ಟರಲ್ಲಿ ಅವರನ್ನು ಯಾರೋ ಕರೆದಿರಬೇಕು, ಕೋನ ಹಾಗೇ ಉಳಿದುಬಿಟ್ಟಿತ್ತು.

ಪಕ್ಕದ ಮೇಜಿನ ಚೂಟಿಗೆ ತೋರಿಸಿದೆ. ಅವಳ ಹೆಸರು ಬೇರೆಯೇ, ಆದರೆ ಸುಮ್ಮನೆ ಕೂರಲಾಗದ ಅವಳನ್ನು ಯಾರೂ ಬೇರೆ ಹೆಸರಿನಿಂದ ಕರೆಯುವುದಿಲ್ಲ. ಪರದೆಗೆ ಮೂಗು ತಾಗಿಸಿ ಓದಿದಳು.

"ಅಯ್ಯೋ ದೇವರೇ. ಫೋನಲ್ಲಿ ಆರ್ಡರ್ ಮಾಡಿದೋರೆಲ್ಲ ಓರೆ ನೋಡ್ತಾ ಓಡಾಡ್ತಿದಾರಾ? ನೀನೇ ಹೋಗಿ ಹೇಳು."

"ನೀನು ಹೇಳೇ."

"ನಾನ್ಯಾಕೆ? ಕನ್ನಡಕ ನಿಮ್ಮಮ್ಮಂದು. ಹೋಗು. ಬೈದ್ರೆ ನಾನು ಕೆಮ್ಮಿ ಮಾತು ಬದಲಾಯಿಸ್ತೀನಿ."

ಹೋದೆ. ಹೆಡ್‌ಮಾಸ್ಟ್ರು ಆ ಸಾಲನ್ನು ನೋಡಿದ ಕೂಡಲೇ ಮುಖದ ಬಣ್ಣ ಇಳಿಯಿತು. ಅದು ಅವರ ಒಳ್ಳೆಯ ಗುಣ, ನೆಪ ಹುಡುಕಲಿಲ್ಲ. "ಈ ಸಾಲು ನಂದೇ," ಅಂದರು. ಆಗಲೇ ಕನ್ನಡಕದ ಅಂಗಡಿಗೆ ಫೋನು ಮಾಡಿ, ಫೋನಿನ ಆರ್ಡರುಗಳನ್ನು ನಿಲ್ಲಿಸಿ, ಇಲ್ಲಿಯವರೆಗೆ ಹೋದ ಎಲ್ಲ ಕನ್ನಡಕಗಳನ್ನೂ ಮತ್ತೆ ನೋಡಿ ಗಾಜು ಬದಲಿಸಿಕೊಡಬೇಕು ಎಂದು ತಪ್ಪೊಪ್ಪಿಕೊಂಡು ಹೇಳಿದರು. ಆ ಕಡೆಯಿಂದ ಬಂದ ಮಾತು ಪಕ್ಕದಲ್ಲಿ ನಿಂತ ನನಗೂ ಕೇಳಿಸಿತು. ಗಿರಾಕಿಯೊಬ್ಬರು ಬಾಗಿಲು ಓರೆಯಾಗಿ ಕೂರಿಸಿದ್ದೀರಿ ಎಂದು ಬಡಗಿಯ ಜೊತೆ ಜಗಳವಾಡಿ, ಬಾಗಿಲನ್ನೇ ಬಿಚ್ಚಿಸಿದ್ದರಂತೆ.

ಫೋನಿಟ್ಟು ಹೆಡ್‌ಮಾಸ್ಟ್ರು ಕೀಬೋರ್ಡಿಗೆ ಕೈ ಹಾಕಿದರು. "ಎರಡು ಅಂಕಿ ಅದಲು ಬದಲು. ಅಷ್ಟೇ ತಾನೇ, ಮುಗೀತು."

"ಮುಗಿಯಲ್ಲ ಸರ್," ಅಂದೆ.

ಹಿಂದೆ ಚೂಟಿ ಕೆಮ್ಮಲು ಗಂಟಲು ಸರಿಮಾಡಿಕೊಂಡಳು. ಅದರ ಅಗತ್ಯ ಬೀಳಲಿಲ್ಲ.

"ಈ ಸಾಲು ಓದಿ ಸರ್. ಮೈನಸ್ ಎರಡು, ಮೈನಸ್ ಒಂದೂವರೆ, ನೂರ ಅರವತ್ತು, ಮತ್ತೆ ಮೈನಸ್ ಎರಡು... ಇದರಲ್ಲಿ ಎಡಗಣ್ಣಿನ ಸಿಲಿಂಡರ್ ಯಾವುದು?"

ಅವರು ಬೆರಳು ಮಡಚಿ ಎಣಿಸಿದರು. ಸರಿಯಾಗಿಯೇ ಹೇಳಿದರು. ಹೇಳಿ, ಮಡಚಿದ ಬೆರಳುಗಳನ್ನು ಒಮ್ಮೆ ತಾವೇ ನೋಡಿಕೊಂಡರು.

"ಬರೆದವರೇ ಎಣಿಸಬೇಕಾಯ್ತು," ಅಂದೆ. ನನ್ನ ಧ್ವನಿ ಗಟ್ಟಿಯಾಗಿಯೇ ಇತ್ತು. "ನಮ್ಮಮ್ಮನ ಬಣ್ಣದ ಡಬ್ಬಿಗಳ ಮುಚ್ಚಳದ ಮೇಲೆಲ್ಲ ಅದೇ ಬಣ್ಣದ ಒಂದು ಚುಕ್ಕೆ ಇರುತ್ತೆ. ಅವಳು ಏಣಿ ಮೇಲಿಂದ ಕೆಂಪು ಕೊಡು ಅಂತಾಳೆ, ಮೂರನೇ ಡಬ್ಬಿ ಕೊಡು ಅನ್ನಲ್ಲ. ನಾನು ಯಾವ ಸಾಲಲ್ಲಿ ಜೋಡಿಸಿದ್ರೂ ಕೆಂಪು ಕೆಂಪೇ. ಇಲ್ಲೂ ಹಾಗೇ ಮಾಡೋಣ. ಎಲ್ಲಾ ಅಂಕಿಗಳನ್ನೂ ಹೆಸರು ಹಚ್ಚಿ ಒಂದೇ ಆಬ್ಜೆಕ್ಟಲ್ಲಿ ಗಂಟು ಕಟ್ಟಿ ಕೊಡೋದು. ಫಂಕ್ಷನ್ನು ಬಾಗಿಲಲ್ಲೇ ಅದನ್ನ ಬಿಚ್ಚಿ, ತನಗೆ ಬೇಕಾದ್ದನ್ನ ಹೆಸರು ಹಿಡಿದು ತಗೊಳ್ಳೋದು. ನಾಳೆ ಇನ್ನೊಂದು ವಿವರ ಸೇರಿಸಿದ್ರೂ ಯಾವುದರ ಜಾಗಾನೂ ಕದಲಲ್ಲ."

"ಪ್ಯಾರಾಮೀಟರಲ್ಲೇ ಡಿಸ್ಟ್ರಕ್ಚರಿಂಗ್," ಅಂದರು ಹೆಡ್‌ಮಾಸ್ಟ್ರು, ಹೀಗೆ ಬಾಗಿಲಲ್ಲೇ ಬಿಚ್ಚುವುದರ ಹೆಸರನ್ನು ದೂರದ ನೆಂಟರ ಹೆಸರಿನಂತೆ ಉಚ್ಚರಿಸಿ. "ಹೊಸಬರೆಲ್ಲ ಅದೇ ಬರೀತಾರೆ. ನನಗೆ ಆ ಕರ್ಲಿ ಬ್ರಾಕೆಟ್ ಕಂಡ್ರೇ ಆಗಲ್ಲ. ಸರಿ, ಬರೀರಿ. ನಾಳೆ ಎಲ್ಲರ ಮುಂದೆ ತೋರಿಸಿ."

ಬರೆದೆ. ಬರೆಯುವುದು ನನಗೆ ಕಷ್ಟವೇ ಅಲ್ಲ. ಫಂಕ್ಷನ್ನಿನ ಆವರಣದೊಳಗೆ ಇನ್ನೊಂದು ಕರ್ಲಿ ಆವರಣ, ಅದರೊಳಗೆ ಹೆಸರುಗಳು: ಬಲಗಣ್ಣು, ಎಡಗಣ್ಣು, ಅವುಗಳೊಳಗೆ ಪವರ್, ಸಿಲಿಂಡರ್, ಕೋನ. ಆಮೇಲೆ ಫ್ರೇಮು, ಬಣ್ಣ. ಬಣ್ಣದ ಮುಂದೆ ಸಮ ಚಿಹ್ನೆ ಹಾಕಿ ಕಪ್ಪು ಎಂದು ಬರೆದೆ. ಯಾರೂ ಬಣ್ಣ ಹೇಳದಿದ್ದರೆ ಕಪ್ಪು ಎಂದೇ ಅರ್ಥ. ಇದನ್ನು ಡೀಫಾಲ್ಟ್ ಅನ್ನುತ್ತಾರೆ. ಬರೆದು ಮುಗಿಸಿ ನೋಡಿದಾಗ, ಕೋಡು ಓದದವರು ಕೂಡ ಓದಬಹುದು ಅನ್ನಿಸಿತು.

*

ಮರುದಿನ ಗೋಡೆಯ ಪರದೆಯ ಮುಂದೆ ಎಲ್ಲರೂ ಕುರ್ಚಿ ಎಳೆದುಕೊಂಡು ಕೂತರು. ಫೋನಿನ ಪುಟದಲ್ಲಿ ಅಮ್ಮನ ಅಂಕಿಗಳನ್ನೇ ಹಾಕಿದೆ. ಇಪ್ಪತ್ತು ಬಲಕ್ಕೆ ಹೋಯಿತು, ನೂರ ಅರವತ್ತು ಎಡಕ್ಕೆ. ಕರೆಯುವ ಕಡೆ ಹೆಸರುಗಳ ಸರದಿಯನ್ನು ಬೇಕೆಂದೇ ಕಲಸಿ, ಎಡಗಣ್ಣು ಮೊದಲಿಟ್ಟು, ಬಣ್ಣ ಮಧ್ಯೆ ತುರುಕಿ ಮತ್ತೆ ಓಡಿಸಿದೆ. ಆಗಲೂ ಸರಿ. ಚೂಟಿ ಮೇಜು ತಟ್ಟಿದಳು.

ಆಮೇಲೆ ಹೆಡ್‌ಮಾಸ್ಟ್ರು, "ಬರೀ ಫ್ರೇಮು ತೋರಿಸೋ ಪುಟ ತೆರೀರಿ ನೋಡೋಣ," ಅಂದರು. ತೆರೆದೆ. ಬಿಳಿ ಪುಟ. ಕೆಳಗೆ ಕೆಂಪು ಸಾಲು. ಬಿಚ್ಚಲು ಏನೂ ಸಿಗಲಿಲ್ಲ ಎಂಬ ದೂರು.

ನೋಡಿದ ಕ್ಷಣದಲ್ಲೇ ಅರ್ಥವಾಯಿತು. ಆ ಪುಟದಲ್ಲಿ ಜನ ಇನ್ನೂ ಅಂಕಿ ತುಂಬಿರುವುದಿಲ್ಲ. ಅದು ಫಂಕ್ಷನ್ನನ್ನು ಬರಿಗೈಯಲ್ಲಿ ಕರೆಯುತ್ತಿತ್ತು. ಹಳೆಯದಾದರೆ ಇಲ್ಲದ ಅಂಕಿಗಳನ್ನು ನುಂಗಿಕೊಂಡು ಸುಮ್ಮನಿರುತ್ತಿತ್ತು. ಹೊಸದು ಬಾಗಿಲಲ್ಲೇ ನಿಂತು ಗಲಾಟೆ ಮಾಡಿತ್ತು.

"ಅದಕ್ಕೇನಂತೆ," ಅಂದರು ಹೆಡ್‌ಮಾಸ್ಟ್ರು, ಸಹಾಯ ಮಾಡುವ ಧ್ವನಿಯಲ್ಲಿ. "ಡೀಫಾಲ್ಟ್ ಕೊಡಿ. ಆಬ್ಜೆಕ್ಟ್ ಬರದಿದ್ರೆ ಖಾಲಿ ಆಬ್ಜೆಕ್ಟ್. ಬಣ್ಣಕ್ಕೆ ಕೊಟ್ಟ ಹಾಗೇ ಪವರಿಗೂ ಸೊನ್ನೆ, ಸಿಲಿಂಡರಿಗೂ ಸೊನ್ನೆ, ಕೋನಕ್ಕೂ ಸೊನ್ನೆ. ಕೆಂಪು ಹೋಗುತ್ತೆ, ಎಲ್ಲರೂ ಊಟಕ್ಕೆ ಹೋಗಬಹುದು."

ಎಲ್ಲರ ತಲೆಯೂ ಆಡಿತು. ಸುಲಭದ ದಾರಿ. ನಾನು ಕೀಬೋರ್ಡಿನ ಮೇಲೆ ಕೈ ಇಟ್ಟೆ. ಸೊನ್ನೆಯನ್ನು ಒತ್ತಲಿಲ್ಲ.

"ಇಲ್ಲ ಸರ್. ಕಣ್ಣಿಗೆ ಡೀಫಾಲ್ಟ್ ಇಲ್ಲ."

"ಅಂದ್ರೆ?"

"ಬಣ್ಣ ಹೇಳ್ದೆ ಇದ್ರೆ ಕಪ್ಪು ಕೊಡಬಹುದು. ಗಿರಾಕಿ ನೋಡ್ತಾರೆ, ಬೇಡ ಅಂದ್ರೆ ಬದಲಾಯಿಸ್ತಾರೆ. ಸೊನ್ನೆ ಹಾಗಲ್ಲ. ಸೊನ್ನೆ ಅಂದ್ರೆ ಇಲ್ಲ ಅಂತ ಅಲ್ಲ, ಅದೂ ಒಂದು ಪವರೇ, ಕಣ್ಣು ಚೆನ್ನಾಗಿರೋರದ್ದು. ನಾಳೆ ನಮ್ಮಲ್ಲಿ ಯಾರೋ ಒಬ್ರು ಹೆಸರಲ್ಲಿ ಒಂದಕ್ಷರ ತಪ್ಪಿ ಬರೆದ್ರೆ, ಆ ಅಂಕಿ ಫಂಕ್ಷನ್ನಿಗೆ ಸಿಗಲ್ಲ, ಜಾಗದಲ್ಲಿ ಸೊನ್ನೆ ಕೂತ್ಕೊಳ್ಳುತ್ತೆ. ಯಾವ ಕೆಂಪು ಸಾಲೂ ಬರಲ್ಲ. ಗಾಜು ಉಜ್ಜೋರು ಆರ್ಡರಲ್ಲಿ ಇರೋ ಹಾಗೇ ಸರಿಯಾಗಿ ಉಜ್ಜಿ ಕಳಿಸ್ತಾರೆ. ಹಾಕ್ಕೊಂಡೋರು..."

ಕೀಬೋರ್ಡಿನಿಂದ ಕೈ ತೆಗೆದು ಅವರ ಕಡೆ ತಿರುಗಿದೆ.

"ಹಾಕ್ಕೊಂಡೋರು ಕನ್ನಡಕದ ಮೇಲೆ ಅನುಮಾನ ಪಡಲ್ಲ ಸರ್. ತಮ್ಮ ಮೇಲೇ ಪಡ್ತಾರೆ. ನಮ್ಮಮ್ಮ ತನ್ನ ಕೈಯೇ ಹೋಯ್ತು ಅಂದ್ಕೊಂಡು ಕೆಲಸ ಬಿಡೋಕೆ ಹೊರಟಿದ್ಳು."

ಊಟಕ್ಕೆ ಎದ್ದಿದ್ದ ಒಬ್ಬಿಬ್ಬರು ಮತ್ತೆ ಕೂತರು.

"ಹಾಗಾದ್ರೆ ಈ ಬಿಳಿ ಪುಟಕ್ಕೆ ಏನು ಮಾಡ್ತೀರಿ?" ಹೆಡ್‌ಮಾಸ್ಟ್ರು ಕೇಳಿದರು. ಸವಾಲಲ್ಲ, ನಿಜವಾದ ಪ್ರಶ್ನೆ.

"ಅದಕ್ಕೆ ಗಾಜೇ ಬೇಡ, ಫ್ರೇಮಿನ ಚಿತ್ರ ಸಾಕು. ಅದು ಈ ಫಂಕ್ಷನ್ನನ್ನ ಕರೀಲೇಬಾರದು. ಅದಕ್ಕೊಂದು ಚಿಕ್ಕದು ಬೇರೆ ಬರೀತೀನಿ. ಇದರಲ್ಲಿ ಕಣ್ಣಿನ ಒಂದೇ ಒಂದು ಅಂಕಿ ಬರದಿದ್ರೂ ಆರ್ಡರು ನಿಲ್ಲಬೇಕು, ಎಡಗಣ್ಣಿನ ಕೋನ ಬಂದಿಲ್ಲ ಅಂತ ಹೆಸರು ಹಿಡಿದು ಹೇಳಬೇಕು."

ಅವರು ಕೆಂಪು ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದರು. "ಇವರು ಹೇಳಿದ ಹಾಗೇ ಆಗಲಿ. ಮೊದಲು ಅದು, ಆಮೇಲೆ ಊಟ," ಅಂದರು. ಬಾಗಿಲ ಹತ್ತಿರ ಹೋದವರು ತಿರುಗಿ, "ನಿಮ್ಮಮ್ಮಂಗೆ ಹೇಳಮ್ಮ, ಆ ಸಾಲು ನಂದು ಅಂತ," ಎಂದು ಸೇರಿಸಿದರು.

ಚೂಟಿ ನನ್ನ ಬೆನ್ನಿಗೆ ಗುದ್ದಿದಳು. "ಏನೇ ಇದು, ಬಾಯಲ್ಲಿ ಬೆರಳಿಟ್ರೂ ಕಚ್ಚದ ಹುಡುಗಿ! ನಾನು ಕೆಮ್ಮೋಕೂ ಅವಕಾಶ ಕೊಡ್ಲಿಲ್ಲ."

*

ಇನ್ನೊಂದು ಹೊಸ ಕನ್ನಡಕ ವಾರ ತುಂಬುವ ಮೊದಲೇ ಬಂತು. ಫೋನಿನ ಆರ್ಡರುಗಳು ಮತ್ತೆ ಶುರುವಾದ ಕೂಡಲೇ ಅಲ್ಲಿಂದಲೇ ತರಿಸಿದ್ದೆ, ನನ್ನ ಫಂಕ್ಷನ್ನಿನ ಮೂಲಕವೇ. ಅದನ್ನು ಚೀಲಕ್ಕೆ ಹಾಕಿಕೊಂಡು ಆಫೀಸಿನಿಂದ ನೇರ ಮನೆಗೆ ಹೋದೆ. ಬಾಗಿಲಿಗೆ ಬೀಗ. ಏಣಿ ಇಲ್ಲ, ಡಬ್ಬಿಗಳೂ ಇಲ್ಲ.

ಆಸ್ಪತ್ರೆಯ ಬೀದಿಗೆ ತಿರುಗುತ್ತಲೇ ಜನ ಕಂಡರು. ತಲೆಯೆತ್ತಿ ನೋಡುತ್ತಿದ್ದರು, ಕೆಲವರು ನಗುತ್ತಿದ್ದರು. ಕಾವಲುಗಾರ ನನ್ನ ಜಾಗದಲ್ಲಿ ನಿಂತು ಏಣಿ ಹಿಡಿದುಕೊಂಡಿದ್ದ. ಮೇಲೆ ಅಮ್ಮ. ಕೋನ ಅದಲು ಬದಲಾದ ಆ ಕನ್ನಡಕವೇ ಅವಳ ಮುಖದ ಮೇಲೆ ತಲೆಕೆಳಗಾಗಿ ಕೂತಿತ್ತು. ಜಾರದಂತೆ ಎರಡೂ ಕಡ್ಡಿಗಳಿಗೆ ನನ್ನ ಶಾಲೆಯ ದಿನಗಳ ನೀಲಿ ರಿಬ್ಬನ್ ಕಟ್ಟಿ, ತಲೆಯ ಹಿಂದೆ ದೊಡ್ಡ ಗಂಟು ಹಾಕಿಕೊಂಡಿದ್ದಳು. ಗೋಡೆಯ ಅರ್ಧದವರೆಗೆ ಅಕ್ಷರಗಳು ನಿಂತಿದ್ದವು, ಕೆಂಪಗೆ, ದಪ್ಪಗೆ, ನೆಟ್ಟಗೆ.

"ಅಮ್ಮ! ವಾರ ಕಾಯ್ತೀನಿ ಅಂದಿದ್ದೆಯಲ್ಲ?"

"ಖಾತ್ರಿ ಅಂದವಳು ನೀನೇ ಅಲ್ವಾ? ಆಮೇಲೆ ಕಾಯೋದು ಯಾಕೆ?" ಕೆಳಗೆ ನೋಡದೆ ಅಂದಳು. "ಕೈ ಸರಿ ಇದೆ ಅಂತ ಗೊತ್ತಾದ ಮೇಲೆ ಅದು ಸುಮ್ನಿರುತ್ತಾ?"

"ಹೊಸದು ತಂದಿದೀನಿ. ಇಳಿದು ಬಾ."

"ಇರೇ, ಈ ಅಕ್ಷರ ಮುಗೀಲಿ."

ಮುಗಿಸಿ ಇಳಿದಳು. ರಿಬ್ಬನ್ ಬಿಚ್ಚಿದಳು. ಹೊಸದನ್ನು ಹಾಕಿಕೊಂಡು, ಎಡಗಣ್ಣು ಮುಚ್ಚಿ, ನಾಲಿಗೆಯ ತುದಿ ಹೊರಗೆ ಹಾಕಿ, ದಾರವನ್ನು ನೋಡಿದಳು. ಬೀದಿಯವರೆಲ್ಲ ಉಸಿರು ಹಿಡಿದಂತೆ ನಿಂತರು. ನನ್ನ ಉಸಿರು ಸಲೀಸಾಗಿಯೇ ಆಡುತ್ತಿತ್ತು.

"ನೆಟ್ಟಗಿದೆ," ಅಂದಳು ಅಮ್ಮ. ಆಮೇಲೆ ಅದೇ ಕಣ್ಣಿನಿಂದ, ಬರೆದು ಮುಗಿಸಿದ್ದ ಅಕ್ಷರಗಳನ್ನು ಒಂದೊಂದಾಗಿ ನೋಡುತ್ತ ಗೋಡೆಯ ಉದ್ದಕ್ಕೂ ನಡೆದು ಬಂದಳು. "ಇವೂ ನೆಟ್ಟಗಿವೆ."

ತಲೆಕೆಳಗಿನ ಕನ್ನಡಕವನ್ನು ರಿಬ್ಬನ್ ಸಮೇತ ನನ್ನ ಕೊರಳಿಗೆ ಹಾಕಿ, ಮತ್ತೆ ಏಣಿ ಹತ್ತಿದಳು. ಕಾವಲುಗಾರ ತನ್ನ ಕುರ್ಚಿಗೆ ಹೋದ. ನಾನು ಏಣಿ ಹಿಡಿದುಕೊಂಡೆ.

"ಕೆಂಪು ಕೊಡೇ," ಅಂದಳು ಮೇಲಿನಿಂದ.

ಚುಕ್ಕೆ ನೋಡಿ ಕೊಟ್ಟೆ.